ಭೀಮಾಶಂಕರ ಮಾಸ್ತರರ ಮನೆಯ ಐದು ಹಾನಿಗಳು

ಭೀಮಾಶಂಕರ ಮಾಸ್ತರರು ನೇರವಾಗಿ ನಡೆದದ್ದನ್ನು ನಾನು ಕಂಡಿಲ್ಲ. ಅವರ ನಡಿಗೆಯಲ್ಲಿ ಕುಂಟಾಗಲಿ ಓಲಾಟವಾಗಲಿ ಇರಲಿಲ್ಲ. ಆದರೆ ರಸ್ತೆಯ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಮತ್ತೆ ಈ ಬದಿಗೆ, ಲಾರಿ ಬಸ್ಸುಗಳ ನಡುವೆ ಕೈ ಅಡ್ಡ ಹಿಡಿದು ದಾಟುತ್ತ, ಎಲ್ಲಿ ನೆರಳಿದೆಯೋ ಅಲ್ಲಿಯೇ ಹೆಜ್ಜೆಯಿಡುತ್ತ ಸಾಗುವ ಅವರನ್ನು ದೂರದಿಂದ ನೋಡಿದವರಿಗೆ, ಈ ಮನುಷ್ಯ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎನ್ನಿಸುತ್ತಿತ್ತು. ಈ ತೆಲುಗು ಮಹಾನಗರದ ಬಾಲಾನಗರದಲ್ಲಿ ಬಸ್ಸಿಳಿದು, ಜೀಡಿಮೆಟ್ಲಾ ಕಡೆಗೆ ಹೊರಳುವ ಒಳರಸ್ತೆಯಲ್ಲಿದ್ದ ತಮ್ಮ ಸರ್ಕಾರಿ ಶಾಲೆಗೆ ಅವರು ಇಪ್ಪತ್ತಾರು ವರ್ಷ ಹೀಗೆ ನಡೆದರು. ಮೊದಲು ಆ ದಾರಿ ಹದಿನೈದು ನಿಮಿಷದ್ದು. ಬೇವಿನ ಸಾಲೊಂದಿತ್ತು, ಅದು ಮುಗಿದರೆ ಕಾರ್ಖಾನೆಯೊಂದರ ಎತ್ತರದ ಗೋಡೆ ಇತ್ತು. ರಸ್ತೆ ಅಗಲವಾದ ವರ್ಷ ಬೇವುಗಳು ಹೋದವು, ಗೋಡೆ ಹಿಂದೆ ಸರಿಯಿತು, ಕೆಲಕಾಲದ ಮೇಲೆ ಮೇಲುಸೇತುವೆಯೊಂದು ಬಂದು ತನ್ನ ಹೊಟ್ಟೆಯ ಕೆಳಗೆ ಹೊಗೆ ತುಂಬಿದ ದೊಡ್ಡ ನೆರಳೊಂದನ್ನು ಚೆಲ್ಲಿತು. ಅದರ ಬಗ್ಗೆ ಮಾಸ್ತರರ ಅಭಿಪ್ರಾಯ ಚಿಕ್ಕದು: "ನೆರಳು ಐತ್ರಿ, ಆದ್ರ ಉಸರಾಡಾಕ ಬರಂಗಿಲ್ಲ." ನನಗೆ ಅವರ ಪರಿಚಯವಾಗುವ ಹೊತ್ತಿಗೆ ಸುತ್ತುಬಳಸಿನ ಗಲ್ಲಿಗಳನ್ನೆಲ್ಲ ಕೂಡಿಸಿ ಅದೇ ದಾರಿಗೆ ಮೂವತ್ತೈದು ನಿಮಿಷ ಹಿಡಿಯುತ್ತಿತ್ತು. ಶಾಲೆ ಇದ್ದಲ್ಲಿಯೇ ಇತ್ತು.

ಮೇ ತಿಂಗಳಲ್ಲಿಯೂ ಅವರು ಬಿಡದೆ ತೊಡುತ್ತಿದ್ದ ತೋಳಿಲ್ಲದ ಬೂದುಬಣ್ಣದ ಕೋಟಿಗೆ ಒಳಗೆ ಎರಡು ಜೇಬುಗಳಿದ್ದವು. ಬಲಗಡೆಯದರಲ್ಲಿ ಪೆನ್ನು, ಮಡಿಸಿದ ಬಿಳಿ ಹಾಳೆ. ಎಡಗಡೆಯದರಲ್ಲಿ ನಾನಾ ಕಚೇರಿಗಳ ದುಂಡು ಮೊಹರು ಬಿದ್ದ ಸ್ವೀಕೃತಿ ಚೀಟಿಗಳು. ಬಾಯಿಮಾತಿನಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಯಾರು ಏನೇ ಹೇಳಲಿ, ತಲೆಯನ್ನು ತುಸು ಓರೆಮಾಡಿ ಕೇಳಿ, ಕೊನೆಗೆ "ಬರದು ಕೊಡ್ರಿ" ಎನ್ನುವುದು ಅವರಿಗೆ ಉಸಿರಿನಷ್ಟು ಸಹಜವಾಗಿತ್ತು. ಕೂಕಟ್‌ಪಲ್ಲಿಯ ಆಟೋದವನೊಬ್ಬ ಮೀಟರು ಕೆಟ್ಟಿದೆ ಎಂದಾಗ ಅವನ ಮುಂದೆ ಹಾಳೆ ಪೆನ್ನು ಹಿಡಿದು "ಲಿಖ್ ಕೇ ದೇವ್ ಭೈ" ಎಂದು ಶಾಂತವಾಗಿ ನಿಂತದ್ದನ್ನು ನಾನೇ ನೋಡಿದ್ದೇನೆ. ಆಟೋದವನು ಹಾಳೆಯನ್ನು ನೋಡಿದ, ಇವರ ಮುಖ ನೋಡಿದ, ಮೀಟರು ಹಾಕಿದ.

ಅವರು ಜೇವರ್ಗಿ ಕಡೆಯವರು. ಕಲಬುರಗಿ, ರಾಯಚೂರು, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿಯೇ ನಿಂತವರ ಮಕ್ಕಳಿಗಾಗಿ ಆ ಶಾಲೆಯಲ್ಲಿ ಕನ್ನಡ ವಿಭಾಗವೊಂದಿತ್ತು. ಅದರ ವಿಜ್ಞಾನ ಶಿಕ್ಷಕರು ಇವರು. ಒಂದು ಜೂನ್ ತಿಂಗಳಲ್ಲಿ, ಮಳೆ ಇನ್ನೂ ಯಾಕೆ ಬಂದಿಲ್ಲವೆಂದು ತರಗತಿಯನ್ನು ಕೇಳಿದಾಗ ಮಕ್ಕಳೆಲ್ಲ ಒಕ್ಕೊರಲಿನಿಂದ ದೇವರ ಸಿಟ್ಟು ಎಂದರಂತೆ. ಮಾಸ್ತರರು ಪಠ್ಯಪುಸ್ತಕ ತೆರೆದು ನೋಡಿದರು. ಭೂಮಿ ಬಿಸಿಯಾಗುತ್ತಿರುವ ಸಂಗತಿಗೆ ಅಲ್ಲಿ ನಾಲ್ಕು ಸಾಲುಗಳಿದ್ದವು, ಅವೂ ಪರೀಕ್ಷೆಗೆ ಇಲ್ಲದ ಚೌಕಟ್ಟಿನೊಳಗೆ. ಅಂದು ಸಂಜೆ ಅವರು ಮೊದಲ ಅರ್ಜಿ ಬರೆದರು: ಹವಾಗುಣ ಬದಲಾವಣೆಯ ಪಾಠವನ್ನು ಎಲ್ಲ ಸರ್ಕಾರಿ ಶಾಲೆಗಳಲ್ಲಿ ಕಡ್ಡಾಯ ಮಾಡಬೇಕು, ಅದಕ್ಕೆ ಅಂಕಗಳಿರಬೇಕು, ಯಾಕೆಂದರೆ ಅಂಕವಿಲ್ಲದ್ದನ್ನು ಶಿಕ್ಷಕರು ಕಲಿಸುವುದಿಲ್ಲ, ಮಕ್ಕಳು ಓದುವುದಿಲ್ಲ. ಆಮೇಲೆ ಪ್ರತಿ ಜೂನಿನ ಮೊದಲ ವಾರ ಒಂದೊಂದು. ಹನ್ನೊಂದು ವರ್ಷ, ಹನ್ನೊಂದು ಅರ್ಜಿ, ಹನ್ನೊಂದು ಸ್ವೀಕೃತಿ. ಉತ್ತರ ಒಂದಕ್ಕೂ ಇಲ್ಲ. ಸಹೋದ್ಯೋಗಿಗಳು ಅವರನ್ನು ಹಿಂದಿನಿಂದ 'ಗ್ಲೋಬಲ್ ಮಾಸ್ತರ' ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು.

ಹನ್ನೆರಡನೆಯ ವರ್ಷ ಆದೇಶ ಬಂದಿತು. ಅದಕ್ಕೂ ಇವರ ಅರ್ಜಿಗಳಿಗೂ ಸಂಬಂಧವಿತ್ತೆಂದು ನಾನು ಭಾವಿಸುವುದಿಲ್ಲ. ಮಳೆಗಾಗಿ ಪ್ರಾರ್ಥಿಸಿದವನಿಗೂ ಮಳೆಗೂ ಇರುವಷ್ಟೇ ಇದ್ದಿರಬಹುದು. ಆರರಿಂದ ಒಂಬತ್ತನೆಯ ತರಗತಿಯವರೆಗೆ ಪಾಠ ಕಡ್ಡಾಯ, ಜೊತೆಗೊಂದು ಚಟುವಟಿಕೆ ಪುಸ್ತಕ, ಅದಕ್ಕೆ ಹತ್ತು ಅಂಕ, ಮಕ್ಕಳು ಬರೆದದ್ದನ್ನು ಶಿಕ್ಷಕರು ಫೋಟೋ ತೆಗೆದು ಕಳಿಸಬೇಕಾದ ಒಂದು ಆ್ಯಪ್. ಚಟುವಟಿಕೆ ಪುಸ್ತಕವನ್ನು ಸಿದ್ಧಪಡಿಸುವ ಕೆಲಸ ಒಂದು ಸೇವಾಸಂಸ್ಥೆಗೆ ಹೋಯಿತು. ಅದರ ಕನ್ನಡ ರೂಪಕ್ಕೆ ಮೂವರನ್ನು ಕೂಡಿಸಿದರು. ಸಂಸ್ಥೆಯ ಪರವಾಗಿ ಸಂಯುಕ್ತಾ, ಮೈಸೂರಿನಿಂದ ಬಂದಿದ್ದ, ಇನ್ನೂ ಮೂವತ್ತು ತುಂಬದ, ಈ ವಿಷಯವನ್ನು ನಿಜಕ್ಕೂ ಮನಸ್ಸಿಗೆ ಹಚ್ಚಿಕೊಂಡಿದ್ದ ಹೆಣ್ಣುಮಗಳು. ಶಿಕ್ಷಕರ ಪರವಾಗಿ ಭೀಮಾಶಂಕರ ಮಾಸ್ತರರು. ಭಾಷೆಯನ್ನು ತಿದ್ದಲು ನಾನು. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ನನಗೆ ಇಂಥ ಕರೆಗಳು ಆಗೀಗ ಬರುತ್ತವೆ. ಹೀಗೆ ನಮ್ಮ ಪರಿಚಯ. ಮೊದಲ ಸಭೆಗೆ ಅವರು ಕೋಟನ್ನು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಅವರ ಸಂತೋಷಕ್ಕೆ ಅದೊಂದೇ ಹೊರಗುರುತು.

ಆ ಸಭೆಗಳಲ್ಲಿ ನಾನು ಹೇಗೆ ನಡೆದುಕೊಂಡೆನೆಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. 'ಹವಾಮಾನ'ವೋ 'ಹವಾಗುಣ'ವೋ ಎಂಬ ಪ್ರಶ್ನೆಯ ಮೇಲೆ ನಾನು ಮುಕ್ಕಾಲು ಗಂಟೆ ಮಾತಾಡಿದೆ. ದಿನದಿನಕ್ಕೆ ಬದಲಾಗುವುದು ಹವಾಮಾನ, ಕಾಲಾಂತರದಲ್ಲಿ ನೆಲೆಗೊಂಡದ್ದು ಹವಾಗುಣ, ಇವೆರಡನ್ನು ಬೆರೆಸಿದರೆ ಮಕ್ಕಳ ತಿಳಿವಳಿಕೆಯೇ ಕೆಡುತ್ತದೆಂದು ವಾದಿಸಿ ಗೆದ್ದೆ. ಮಾಸ್ತರರು ಕೇಳುತ್ತ ಕುಳಿತಿದ್ದರು. ಅವರ ತಕರಾರು ಇದ್ದದ್ದು ಏಳನೆಯ ತರಗತಿಯ ಒಂದು ಅಭ್ಯಾಸದ ಮೇಲೆ: 'ನಿಮ್ಮ ಮನೆಯಿಂದ ಭೂಮಿಗೆ ಆಗುತ್ತಿರುವ ಐದು ಹಾನಿಗಳನ್ನು ಪಟ್ಟಿ ಮಾಡಿ.'

"ನಮ್ಮ ಹುಡುಗರ ಮನ್ಯಾಗ ಹಾನಿ ಮಾಡಾಕ ಏನೈತ್ರಿ?" ಎಂದರು.

ಪ್ರಶ್ನೆ ಎಲ್ಲ ಶಾಲೆಗಳಿಗೂ ಒಂದೇ, ಉಳಿದೆಲ್ಲ ಭಾಷೆಗಳಲ್ಲೂ ಮುದ್ರಣಕ್ಕೆ ಹೋಗಿದೆ, ಕನ್ನಡಕ್ಕೆ ಮಾತ್ರ ಬದಲಾಯಿಸಲು ಬರುವುದಿಲ್ಲ ಎಂದು ಸಂಯುಕ್ತಾ ವಿನಯದಿಂದಲೇ ಹೇಳಿದಳು. ಮಾಸ್ತರರು ಬಲಜೇಬಿನಿಂದ ಹಾಳೆ ತೆಗೆದು, ಹಾಗೆಂದು ಬರೆದುಕೊಡಿರೆಂದರು. ಅವಳು ಬರೆದು ಸಹಿ ಮಾಡಿದಳು; ಚೀಟಿ ಎಡಜೇಬಿಗೆ ಹೋಯಿತು. ನನ್ನ ಮನಸ್ಸಾಗಲೇ ಊಟದ ಮೇಲಿತ್ತು. ನಿಯಮ ನಿಯಮವೆಂದು ಒಪ್ಪಿಕೊಂಡ ಮೇಲೆ ಆ ಅಭ್ಯಾಸವನ್ನು ಅವರೇ ಕನ್ನಡಿಸಿದರು. ಇಡೀ ಪುಸ್ತಕದಲ್ಲಿ ನನ್ನ ಕೆಂಪು ಶಾಯಿ ತಾಗದ ವಾಕ್ಯ ಅದೊಂದೇ, ಅಷ್ಟು ತಿಳಿಯಾಗಿತ್ತು.

ಮಾರ್ಚ್ ತಿಂಗಳ ನಡುವಿನಿಂದ ಇಲ್ಲಿ ಒಂಟಿಪೂಟ, ಅಂದರೆ ಬಿಸಿಲಿಗೆ ಹೆದರಿ ಶಾಲೆಗಳನ್ನು ಮಧ್ಯಾಹ್ನಕ್ಕೆ ಮುಗಿಸುವ ಕಾಲ. ಅಂಥ ಒಂದು ಬೆಳಿಗ್ಗೆ ಏಳನೆಯ ತರಗತಿಯ ಇಪ್ಪತ್ತಾರು ಮಕ್ಕಳು ಆ ಅಭ್ಯಾಸವನ್ನು ಬರೆದರು. ಬಹಳ ಮಕ್ಕಳು ಒಂದು ಎರಡಕ್ಕೆ ನಿಂತಿದ್ದರು. ಭಾಗ್ಯಶ್ರೀ ಎಂಬ ಹುಡುಗಿ ಐದನ್ನೂ ಬರೆದಿದ್ದಳು. ತಂದೆ ಸೆಂಟ್ರಿಂಗ್ ಕೆಲಸದವನು, ತಾಯಿ ಸುಗಲಮ್ಮ ಸಿಮೆಂಟಿನ ಬುಟ್ಟಿ ಹೊರುವವಳು. ಕಟ್ಟುತ್ತಿರುವ ಬಹುಮಹಡಿಯೊಂದರ ಹಿಂಬದಿಯಲ್ಲಿ ತಾಡಪತ್ರಿಯ ಗುಡಿಸಲು. ಅವಳು ಬರೆದದ್ದು ಹೀಗಿತ್ತು: ಒಂದು, ನಮ್ಮ ಅವ್ವ ಕಟ್ಟಿಗೆ ಒಲೆ ಹಚ್ಚುತ್ತಾಳೆ, ಅದರ ಹೊಗೆಯಿಂದ ಭೂಮಿ ಕಾಯುತ್ತದೆ. ಎರಡು, ನಮ್ಮ ಮನೆ ಪ್ಲಾಸ್ಟಿಕ್ ತಾಡಪತ್ರಿಯದು. ಮೂರು, ನಮಗಾಗಿ ನೀರಿನ ಟ್ಯಾಂಕರ್ ಬರುತ್ತದೆ. ನಾಲ್ಕು, ನಮ್ಮ ಅಪ್ಪ ಅವ್ವ ಸಿಮೆಂಟು ಕೆಲಸ ಮಾಡುತ್ತಾರೆ. ಐದು, ನಮ್ಮ ಮನೆಯಲ್ಲಿ ಐದು ಜನ ಇದ್ದೇವೆ.

ಮಾಸ್ತರರು ಅದನ್ನು ತರಗತಿಗೆ ಗಟ್ಟಿಯಾಗಿ ಓದಿ ಹೇಳಿದರು. ಹತ್ತಕ್ಕೆ ಹತ್ತು ಕೊಟ್ಟರು. ಈ ಎರಡು ಸಂಗತಿಗಳನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ನಾನೇ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆನೇನೋ ಎಂಬಷ್ಟು ಅದು ನನ್ನ ಕಣ್ಣಿಗೆ ಕಟ್ಟಿದೆ. ಪ್ರಶ್ನೆಯ ಮೇಲೆ ಅನುಮಾನವಿದ್ದ ಮನುಷ್ಯ ಉತ್ತರ ಪೂರ್ತಿಯಾಗಿ ಬಂದಾಗ ಅನುಮಾನವನ್ನು ಮರೆತಿದ್ದರು. ಹನ್ನೊಂದು ವರ್ಷ ಕಾದ ಪಾಠ ಕೊನೆಗೂ ಒಂದು ಮಗುವಿನ ತಲೆಗೆ ಹತ್ತಿತಲ್ಲ ಎಂಬ ಹಿಗ್ಗು ಬಂದಿತ್ತಂತೆ.

ಮರುದಿನ ಬೆಳಿಗ್ಗೆ ಸುಗಲಮ್ಮ ಒಲೆಯ ಮೇಲೆ ಹಂಚಿಟ್ಟು ಮೊದಲ ರೊಟ್ಟಿ ತಟ್ಟುತ್ತಿದ್ದಾಗ ಭಾಗ್ಯಶ್ರೀ ಒಂದು ಚೊಂಬು ನೀರು ತಂದು ಒಲೆಗೆ ಸುರಿದಳು. ತಾಯಿ ಬೆನ್ನಿಗೊಂದು ಬಾರಿಸಿದಳು. ಹಸಿಯಾದ ಕಟ್ಟಿಗೆ ಮತ್ತೆ ಹತ್ತಲಿಲ್ಲ. ಏಳಕ್ಕೆ ಮೇಸ್ತ್ರಿಯ ಗಾಡಿ ಬಂದುಬಿಡುತ್ತದೆ. ಹಿಂದಿನ ದಿನದ ಅರ್ಧ ರೊಟ್ಟಿಯನ್ನು ಚಿಕ್ಕವರಿಬ್ಬರಿಗೆ ಹಂಚಿ ಅವಳು ಹಾಗೆಯೇ ಹೋದಳು. ಅಂದು ಸ್ಲ್ಯಾಬ್ ಹಾಕುವ ದಿನ, ನಡುವೆ ನಿಲ್ಲಿಸುವಂತಿಲ್ಲ. ಮಧ್ಯಾಹ್ನ ಒಂದೂವರೆಗೆ, ನಾಲ್ಕನೆಯ ಮಹಡಿಯಲ್ಲಿ, ತಲೆಯ ಮೇಲೆ ಬುಟ್ಟಿಯಿರುವಂತೆಯೇ ಕುಸಿದಳು. ಜೊತೆಯ ಹೆಂಗಸರು ಕೆಳಗಿಳಿಸಿ, ತಣ್ಣೀರು ಹಾಕಿ, ಆಸ್ಪತ್ರೆಗೆ ಒಯ್ದರು. ಎರಡು ದಿನ ಸಲೈನ್ ಹತ್ತಿತು. ಅವಳ ಸಂಕಟದಲ್ಲಿ ಹಸಿವಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂದು ವೈದ್ಯರು ಬೇರೆಮಾಡಿ ಹೇಳಲಿಲ್ಲ; ಬೇರೆಮಾಡಲು ಬರುತ್ತದೆಂದೂ ನನಗೆ ತೋರುವುದಿಲ್ಲ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಸುಗಲಮ್ಮ ಶಾಲೆಗೆ ಬಂದಳು. ಮುಖ್ಯೋಪಾಧ್ಯಾಯ ಸಾಯಿಕುಮಾರರ ಕೋಣೆಯಲ್ಲಿ ಮಾಸ್ತರರೂ ಇದ್ದರು. ಜಗಳಕ್ಕೆ ಬಂದಿರಬೇಕೆಂದು ಸಾಯಿಕುಮಾರರು ಕುರ್ಚಿ ಕೊಟ್ಟು, ನೀರು ತರಿಸಿದರು. ಅವಳು ಕೂರಲಿಲ್ಲ. ಸೆರಗಿನೊಳಗಿಂದ ಮಗಳ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ನನಗ ಓದಾಕ ಬರಂಗಿಲ್ರಿ ಸರ. ಈಕಿ ಓದಿ ಹೇಳಿದ್ಲು, ನಮ್ಮ ಒಲಿಯಿಂದ ಭೂಮಿ ಕಾಯಾಕತ್ತೈತಿ ಅಂತ. ನೀವು ಭೇಷ್ ಅಂತ ಬರದೀರಂತ. ಖರೇನ್ರಿ?"

ಕೇಳುವ ಧಾಟಿಯಲ್ಲಿ ಸಿಟ್ಟಿರಲಿಲ್ಲ. ತಿಳಿದವರು ಹೌದೆಂದರೆ ಒಲೆಯ ಬದಲಿಗೆ ಬೇರೇನಾದರೂ ನೋಡೋಣ ಎಂಬಂಥ ಕೇಳಿಕೆ ಅದು. ಮಾಸ್ತರರು ಪುಸ್ತಕ ತೆರೆದು ತಮ್ಮದೇ ಕೈಬರಹದ ಹತ್ತನ್ನು ನೋಡುತ್ತ ನಿಂತರು. ಕನ್ನಡ ಅಷ್ಟಿಷ್ಟು ಬಲ್ಲ ಸಾಯಿಕುಮಾರರು ಒಳ್ಳೆಯ ಮನುಷ್ಯ. 'ಲೇದಮ್ಮಾ ಅನಿ ಚೆಪ್ಪೇಯಂಡಿ ಸಾರ್' ಎಂದು, ಇಲ್ಲವೆಂದು ಹೇಳಿ ಕಳಿಸಿಬಿಡಿರೆಂದು ತೆಲುಗಿನಲ್ಲಿ ಮೆಲ್ಲಗೆ ಸೂಚಿಸಿದರು. ಅಷ್ಟು ಸುಲಭದ ಇಲ್ಲ ಮಾಸ್ತರರ ಬಾಯಿಂದ ಹೊರಡಲಿಲ್ಲ. "ನಾಳಿ ಬಂದು ಹೇಳತೀನವ್ವ" ಎಂದರು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅವರು ಆ ಗುಡಿಸಲಿಗೆ ನಡೆದುಹೋದರು. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಬಯಲು. ತಾಡಪತ್ರಿಯ ಒಳಗೆ ಕಾವು ಇನ್ನೂ ಹೆಚ್ಚೆಂದು ಸುಗಲಮ್ಮ ಹೊರಗೇ, ಜಲ್ಲಿಯ ರಾಶಿಯ ಪಕ್ಕದಲ್ಲಿ ಕುಳಿತಿದ್ದಳು. ಮಾಸ್ತರರು ನಿಂತುಕೊಂಡೇ ಉತ್ತರ ಹೇಳಿದರು. ಗಿಡ ಬೆಳೆಯುವಾಗ ಗಾಳಿಯಿಂದ ತೆಗೆದುಕೊಂಡದ್ದನ್ನೇ ಕಟ್ಟಿಗೆ ಉರಿಯುವಾಗ ಗಾಳಿಗೆ ಮರಳಿಸುತ್ತದೆ, ನೆಲದ ಆಳದಿಂದ ಅಗೆದು ತಂದ ಕಲ್ಲಿದ್ದಲು ಎಣ್ಣೆಗಳ ಮಾತೇ ಬೇರೆ ಎಂದು ಮೊದಲು ವಿಜ್ಞಾನ ಹೇಳಿದರು. ಅವಳಿಗೆ ಅದು ತಿಳಿಯಲಿಲ್ಲವೆಂದು ಅವರಿಗೆ ತಿಳಿಯಿತು.

"ನಿನ್ನ ಒಲಿ ಹೊಗಿ ನಿನ್ನ ಕಣ್ಣಿಗೆ ಎದಿಗೆ ಕೆಟ್ಟದ್ದು, ಅದು ಖರೆ. ಈ ಬಿಸಲು ನಿನ್ನ ಒಲಿಯಿಂದ ಬಂದಿಲ್ಲವ್ವ. ಪುಸ್ತಕದಾಗ ಹಂಗ ಕೇಳಿ ಬರದಾಂವ ನಾನು. ನಂದು ತಪ್ಪಾತು."

"ಹಂಗಾರ ಹಚ್ಚಲೇನ್ರಿ?" ಎಂದಳು ಸುಗಲಮ್ಮ.

"ಹಚ್ಚವ್ವ."

ಭಾಗ್ಯಶ್ರೀ ಒಳಗೇ ಇದ್ದಳು, ಹೊರಗೆ ಬರಲಿಲ್ಲ. ತಾಯಿ ಬಿದ್ದ ದಿನದಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲವೆಂದೂ, ಉಂಡರೂ ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನಷ್ಟೇ ತಿನ್ನುತ್ತಾಳೆಂದೂ ತಾಯಿ ಹೇಳಿದಳು. ಮರುದಿನ ತರಗತಿಯಲ್ಲಿ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಅವಳನ್ನು ಕೇಳಿದರಂತೆ: ಮನೆಯಲ್ಲಿ ಐದು ಜನ ಇದ್ದೇವೆ ಎಂದು ಯಾಕೆ ಬರೆದೆ?

"ನಾಕೇ ಸಿಕ್ಕಿದ್ದೂರಿ ಸರ," ಎಂದಳು ಹುಡುಗಿ. "ಐದು ಬರೀಬೇಕಿತ್ತು."

ಅವರು ತಮ್ಮ ಮೇಜಿಗೆ ಹಿಂದಿರುಗಿ, ಅವಳ ಪುಸ್ತಕ ತೆರೆದು, ಹತ್ತು ಎಂಬ ಅಂಕಿಯನ್ನು ಎಲ್ಲರಿಗೂ ಕಾಣುವಂತೆ ಹೊಡೆದುಹಾಕಿದರು. ಹುಡುಗಿಯ ಮುಖ ಬಾಡಿತು. ಆಗ ಅವರು ಇಡೀ ತರಗತಿಗೆ ಹೇಳಿದ ಮಾತನ್ನು ಎರಡು ವರ್ಷಗಳ ನಂತರವೂ ಒಬ್ಬ ಹುಡುಗ ನನಗೆ ಅಕ್ಷರಶಃ ಒಪ್ಪಿಸಿದ: "ಭಾಗ್ಯಶ್ರೀ ತಪ್ಪು ಬರದಿಲ್ಲ. ಪ್ರಶ್ನಿನೇ ತಪ್ಪು. ತಪ್ಪು ಪ್ರಶ್ನಿಗೆ ಹತ್ತು ಅಂಕಾ ಕೊಟ್ಟಾಂವ ನಾನು." ಇಪ್ಪತ್ತಾರು ವರ್ಷದ ಮಾಸ್ತರಿಕೆಯಲ್ಲಿ ತಪ್ಪೊಪ್ಪಿಕೊಳ್ಳುವ ಪಾಠವನ್ನು ಅವರು ಮಾಡಿದ್ದು ಅದೇ ಮೊದಲು. ಅದು ಮಕ್ಕಳಿಗೆ ಹಿತವೆನಿಸಲಿಲ್ಲ. ಮಾಸ್ತರರು ತಪ್ಪು ಮಾಡಬಹುದೆಂಬ ಸುದ್ದಿ ಮಕ್ಕಳನ್ನು ಮೊದಲು ಹೆದರಿಸುತ್ತದೆ.

ಆದರೆ ತಿಂಗಳ ಕೊನೆಯೊಳಗೆ ಆ್ಯಪಿಗೆ ಪಟ್ಟಿಗಳು ಹೋಗಲೇಬೇಕಿತ್ತು. ಹೋಗದಿದ್ದರೆ ಇಪ್ಪತ್ತಾರೂ ಮಕ್ಕಳ ಹತ್ತು ಅಂಕ ಹೋಗುತ್ತವೆಂದು ಸಾಯಿಕುಮಾರರು ದಿನಕ್ಕೆರಡು ಸಲ ನೆನಪಿಸುತ್ತಿದ್ದರು. ಮಾಸ್ತರರ ಮುಂದೆ ಎರಡು ದಾರಿಗಳಿದ್ದವು: ಮಕ್ಕಳಿಂದ ಮತ್ತೆ ಅವರ ಮನೆಗಳ ಪಾಪದ ಪಟ್ಟಿ ಬರೆಸುವುದು, ಇಲ್ಲವೇ ಅಂಕ ಕಳೆಯುವುದು. ಎರಡೂ ಅವರಿಗೆ ಒಗ್ಗಲಿಲ್ಲ. ಮೂರನೆಯದನ್ನು ಅವರು ಸಾಯಿಕುಮಾರರಿಗೆ ಹೇಳಿದ್ದು ಒಂದು ಪ್ರಶ್ನೆಯ ರೂಪದಲ್ಲಿ: ಗುರುವಿನ ಮನೆ ಶಿಷ್ಯರ ಮನೆಯೂ ಹೌದಲ್ಲವೇ? ಸಾಯಿಕುಮಾರರು ನಕ್ಕರು. ಅದನ್ನೇ ಒಪ್ಪಿಗೆಯೆಂದು ತಿಳಿದು ಮಾಸ್ತರರು ಮಕ್ಕಳಿಗೆ ಹೇಳಿದರು: "ಆಯಿತವಾರ ನಮ್ಮ ಮನಿಗೆ ಬರ್ರಿ. ಐದು ಹಾನಿ ಅಲ್ಲಿ ಸಿಗತಾವು."

ಆ ಭಾನುವಾರ ಸಾಕ್ಷಿಗಿರಲಿ ಎಂದು ನನ್ನನ್ನೂ ಕರೆದಿದ್ದರು. ಕೂಕಟ್‌ಪಲ್ಲಿಯ ಎರಡನೆಯ ಮಹಡಿಯ ಆ ಎರಡು ಕೋಣೆಗಳ ಮನೆಗೆ ಇಪ್ಪತ್ತಾರು ಮಕ್ಕಳು ಮೆಟ್ಟಿಲ ತುಂಬ ಚಪ್ಪಲಿ ಬಿಟ್ಟು ಬಂದಾಗ, ಮಾಸ್ತರರ ಹೆಂಡತಿ ಗುರುದೇವಿ ಮಜ್ಜಿಗೆ, ಬಿಸ್ಕೀಟು ಸಿದ್ಧಮಾಡಿಕೊಂಡು ನಿಂತಿದ್ದರು. ಮಕ್ಕಳು ಊಟಕ್ಕೋ ಆಟಕ್ಕೋ ಬರುತ್ತಾರೆಂದು ಅವರು ತಿಳಿದಿದ್ದಿರಬೇಕು. ಮಕ್ಕಳು ಪೆನ್ಸಿಲು ಪುಸ್ತಕ ಹಿಡಿದು ಫ್ರಿಜ್ಜಿನ ಮುಂದೆ, ಗೀಸರಿನ ಕೆಳಗೆ, ವಾಷಿಂಗ್ ಮೆಷಿನ್ನಿನ ಸುತ್ತ ಗುಂಪುಗಟ್ಟಿದ ಮೇಲೆ ಅವರಿಗೆ ವಿಷಯ ಗೊತ್ತಾಯಿತು. ಗಂಡನನ್ನು ಅಡುಗೆಮನೆಗೆ ಕರೆದರು. ಆ ಮನೆಯಲ್ಲಿ ಗುಟ್ಟಿನ ಮಾತಿಗೆ ಜಾಗವಿರಲಿಲ್ಲವಾದ್ದರಿಂದ ನಮಗೆಲ್ಲ ಕೇಳಿಸಿತು.

"ನಮ್ಮ ಮನಿ ಹಾನಿ ಎಣಸಾಕ ಇಷ್ಟು ಮಂದಿ ಕರಕೊಂಡು ಬಂದೀರಲ್ಲ, ನಾಳಿ ಬಾಜೂದವರು ಏನಂತಾರ?"

"ಏನಂತಾರೋ ಬರದು ಕೊಡ್ಲಿ."

ಮಲಗುವ ಕೋಣೆಯಲ್ಲಿ ಎಸಿ ಇತ್ತು. ನನಗದು ಗೊತ್ತಿರಲಿಲ್ಲ, ಬಿಸಿಲಿನ ಬಗ್ಗೆ ಅಷ್ಟು ಮಾತಾಡುವ ಮನುಷ್ಯ ಅದರ ಬಗ್ಗೆ ಒಮ್ಮೆಯೂ ಹೇಳಿರಲಿಲ್ಲ. ಅವರು ರಿಮೋಟು ಒತ್ತಿ, ಮಕ್ಕಳನ್ನು ತಂಡತಂಡವಾಗಿ ಒಳಗೆ ಕರೆದು ತಣ್ಣಗಾದ ಗೋಡೆ ಮುಟ್ಟಿಸಿದರು. ಆಮೇಲೆ ಹೊರಗಿನ ಸಣ್ಣ ಬಾಲ್ಕನಿಗೆ ಒಯ್ದು, ಅಲ್ಲಿ ಗುರುಗುಟ್ಟುತ್ತಿದ್ದ ಅದರ ಹೊರಪೆಟ್ಟಿಗೆಯ ಮುಂದೆ ಅಂಗೈ ಹಿಡಿಯಲು ಹೇಳಿದರು. ಒಳಗಿನ ಕಾವು ಎಲ್ಲಿಗೆ ಹೋಯಿತೆಂದು ಕೇಳಿದರು. ಒಬ್ಬ ಹುಡುಗ ಎದುರಿನ ಕಿಟಕಿಯನ್ನು ತೋರಿಸಿ, ಪಕ್ಕದ ಮನೆಗೆ ಎಂದ. ಮಾಸ್ತರರು ಆ ಕಿಟಕಿಯನ್ನು ಆವರೆಗೆ ಆ ದೃಷ್ಟಿಯಿಂದ ನೋಡಿರಲಿಲ್ಲವೆಂದು ನನಗನ್ನಿಸಿತು. ಹೌದು, ಎಂದರು. ಅದನ್ನು ಓಡಿಸುವ ವಿದ್ಯುತ್ತು ದೂರದಲ್ಲೆಲ್ಲೋ ಕಲ್ಲಿದ್ದಲು ಸುಟ್ಟು ಬರುತ್ತದೆಂದು, ಅಲ್ಲಿಯ ಹೊಗೆ ಈ ಮನೆಯ ಹೊಗೆಯೇ ಎಂದು ಹೇಳಿ, ಬರೆದುಕೊಳ್ಳಲು ಬಿಟ್ಟರು.

ಭಾಗ್ಯಶ್ರೀ ನೆಲದ ಮೇಲೆ ಕೂತು ಮೂರು ಹಾನಿ ಬರೆದು ನಿಲ್ಲಿಸಿದ್ದಳು. ಪಕ್ಕದಲ್ಲಿಯೇ ಮಜ್ಜಿಗೆಯ ಲೋಟ ಹಿಡಿದು ಗುರುದೇವಿ ನಿಂತಿದ್ದರು. ಅವರೆದುರಿಗೆ ಎಸಿಯ ಹೆಸರು ಬರೆಯಲು ಹುಡುಗಿಗೆ ಕೈ ಬರುತ್ತಿರಲಿಲ್ಲ. ಒಲೆಗೆ ನೀರು ಸುರಿದ ಮಗು ಇದೇ ಎಂದು ಗುರುದೇವಿಗೆ ಅಷ್ಟರಲ್ಲಿ ತಿಳಿದಿತ್ತು. ಅವರು ಕಷ್ಟಪಟ್ಟು ನೆಲಕ್ಕೆ ಕೂತರು.

"ಬರಿಯವ್ವ. ನನಗ ಬಿಪಿ ಐತಿ, ನನ್ನ ಸಲುವಾಗಿ ತಂದಾರ. ಬರಿ. ನಿಮ್ಮ ಮಾಸ್ತರ ಅದರಾಗ ಮಲಗಂಗಿಲ್ಲ, ಹೊರಗ ಮಲಗತಾರ. ಅದೂ ಬರಿ."

ಹುಡುಗಿ ನಾಲ್ಕನೆಯದನ್ನು ಬರೆದಳು. ಮಜ್ಜಿಗೆಯ ಲೋಟವನ್ನೂ ತೆಗೆದುಕೊಂಡಳು. ಅದು ಮುಗಿದ ಮೇಲೆ ಗುರುದೇವಿ ತಟ್ಟೆಯಲ್ಲಿ ತಂದಿಟ್ಟ ರೊಟ್ಟಿ ಪಲ್ಯವನ್ನು, ಎಲ್ಲರೂ ಇನ್ನೂ ಓಡಾಡುತ್ತಿರುವಾಗಲೇ, ಯಾರದೂ ಮುಗಿಯಲೆಂದು ಕಾಯದೆ ಉಂಡಳು.

ಪಟ್ಟಿಗಳು ಆ್ಯಪಿಗೆ ಹೋದವು. ಜೂನಿನಲ್ಲಿ ಇಲಾಖೆಯಿಂದ ಜ್ಞಾಪನವೊಂದು ಬಂದಿತು. ಇಪ್ಪತ್ತಾರು ಮಕ್ಕಳೂ ಒಂದೇ ಮನೆಯನ್ನು, ಅದೇ ಫ್ರಿಜ್ಜನ್ನು, ಅದೇ ಎಸಿಯನ್ನು ವರ್ಣಿಸಿರುವುದರಿಂದ ಇದು ಶಿಕ್ಷಕರ ಕುಮ್ಮಕ್ಕಿನಿಂದ ನಡೆದ ಸಾಮೂಹಿಕ ನಕಲೆಂದು ಭಾವಿಸಿ, ಅಂಕಗಳನ್ನು ಯಾಕೆ ರದ್ದುಪಡಿಸಬಾರದೆಂದು ಅದು ಕೇಳಿತ್ತು. ವಿಚಾರಣೆಯ ದಿನ ಸಂಯುಕ್ತಾ ಸಂಸ್ಥೆಯ ಪರವಾಗಿ ಕೂತಿದ್ದಳು. ಕನ್ನಡ ಓದಬಲ್ಲವರು ಬೇಕೆಂದು ನನ್ನನ್ನು ಕರೆಸಿದ್ದರು. ಮಾಸ್ತರರು ನಡೆದದ್ದನ್ನು ನಡೆದಂತೆ ಹೇಳಿದರು. ಪ್ರಶ್ನೆಯ ಬಗ್ಗೆ ತಾವು ಮೊದಲೇ ತಕರಾರು ಮಾಡಿದ್ದನ್ನು, ಸಂಯುಕ್ತಾ ಸಹಿ ಮಾಡಿದ ಚೀಟಿ ತಮ್ಮ ಎಡಜೇಬಿನಲ್ಲಿರುವುದನ್ನು ಮಾತ್ರ ಹೇಳಲಿಲ್ಲ. ಚೀಟಿ ಈಗ ಹೊರಬರುತ್ತದೆ, ಈಗ ಹೊರಬರುತ್ತದೆ ಎಂದು ಅವಳು ಕಾಯುತ್ತಿದ್ದಳು, ನಾನೂ ಕಾಯುತ್ತಿದ್ದೆ. ಹೊರಗೆ ಬಂದ ಮೇಲೆ ಯಾಕೆ ತೋರಿಸಲಿಲ್ಲವೆಂದು ಕೇಳಿದೆ. "ಆಕಿ ಬರೀ ತರಾಕ ಬಂದಾಕಿರಿ. ಕನ್ನಡದಾಗ ಬರದಾಂವ ನಾನು," ಎಂದರು.

ನಾನು ಇಪ್ಪತ್ತಾರು ಪಟ್ಟಿಗಳನ್ನೂ ಓದಿದೆ. ಮನೆ ಒಂದೇ ಆಗಿದ್ದರೂ ಇಪ್ಪತ್ತಾರು ಜೋಡಿ ಕಣ್ಣುಗಳಿದ್ದವು. ಒಬ್ಬ ಹುಡುಗ, ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ಉರಿಯುತ್ತದೆಯೋ ಇಲ್ಲವೋ ತಿಳಿಯಲಿಲ್ಲ, ತಿಳಿದ ಮೇಲೆ ಬರೆಯುತ್ತೇನೆ ಎಂದಿದ್ದ. ಇನ್ನೊಬ್ಬಳು ಯಾರೂ ಇಲ್ಲದ ಕೋಣೆಯಲ್ಲಿ ಹನ್ನೊಂದು ನಿಮಿಷ ಫ್ಯಾನು ತಿರುಗಿದ್ದನ್ನು ದಾಖಲಿಸಿದ್ದಳು. ಮತ್ತೊಬ್ಬ, ತಮಗೆ ಕೊಟ್ಟ ಬಿಸ್ಕೀಟಿನ ಪ್ಲಾಸ್ಟಿಕ್ ಪೊಟ್ಟಣಗಳನ್ನೇ ಎಣಿಸಿ ಐದನೆಯ ಹಾನಿಯಾಗಿ ಬರೆದಿದ್ದ. ಗುರುದೇವಿಗೆ ಅದೊಂದು ಮಾತ್ರ ಕೊನೆಯವರೆಗೂ ನೋವು. ಭಾಗ್ಯಶ್ರೀ ಹೀಗೆ ಬರೆದಿದ್ದಳು: 'ಈ ಮನೆಯ ಒಂದು ಕೋಣೆ ತಣ್ಣಗೆ ಇದೆ. ಅದರಲ್ಲಿ ಮಾಸ್ತರರು ಮಲಗುವುದಿಲ್ಲ. ಅದರ ಬಿಸಿ ಪಕ್ಕದ ಮನೆಯವರಿಗೆ ಹೋಗುತ್ತದೆ. ಅವರು ಮಲಗುತ್ತಾರೋ ಇಲ್ಲವೋ ಕೇಳಬೇಕು.' ಇವು ನಕಲುಗಳಲ್ಲ, ಮೂವತ್ತು ವರ್ಷಗಳಲ್ಲಿ ನಾನು ತಿದ್ದಿದ ಉತ್ತರಗಳಲ್ಲಿ ಇಷ್ಟು ಸ್ವಂತದವು ಕಡಿಮೆ ಎಂದು ಬರೆದು ಸಹಿ ಮಾಡಿದೆ. 'ಹವಾಗುಣ' ಎಂಬ ಪದ ಒಂದು ಪಟ್ಟಿಯಲ್ಲೂ ಇರಲಿಲ್ಲ. ಎಲ್ಲರೂ ಬಿಸಿಲು ಎಂದೇ ಬರೆದಿದ್ದರು. ನಾನು ತಿದ್ದಲಿಲ್ಲ.

ಮಕ್ಕಳ ಅಂಕಗಳು ಉಳಿದವು. ಅನುಮತಿಯಿಲ್ಲದೆ ಚಟುವಟಿಕೆಯನ್ನು ಬದಲಾಯಿಸಿದ್ದಕ್ಕೆ ಮಾಸ್ತರರ ಸೇವಾಪುಸ್ತಕದಲ್ಲಿ ಎಚ್ಚರಿಕೆಯೊಂದು ದಾಖಲಾಯಿತು, ಚಟುವಟಿಕೆ ಪುಸ್ತಕದ ಪರಿಷ್ಕರಣ ಸಮಿತಿಯಿಂದ ಅವರ ಹೆಸರನ್ನು ಕೈಬಿಟ್ಟರು. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ಮನುಷ್ಯ ಒಂದು ಕಲೆಯೂ ಇಲ್ಲದ ಸೇವಾಪುಸ್ತಕವನ್ನು ಬಯಸಿದ್ದರೆಂಬುದು ನನಗೆ ಗೊತ್ತಿತ್ತು. ಮರುವರ್ಷದ ಪುಸ್ತಕದಲ್ಲಿ ಆ ಪ್ರಶ್ನೆ ತುಸು ಬದಲಾಗಿತ್ತು: 'ನಿಮ್ಮ ಮನೆ ಅಥವಾ ನೀವು ನೋಡಿದ ಯಾವುದಾದರೂ ದೊಡ್ಡ ಕಟ್ಟಡದಿಂದ' ಎಂದಿತ್ತು, ಐದು ಎಂಬ ಸಂಖ್ಯೆ ಮಾಯವಾಗಿತ್ತು. ಸಂಯುಕ್ತಾ ತನ್ನ ಮೇಲಿನವರೊಂದಿಗೆ ನಾಲ್ಕು ತಿಂಗಳು ಹೋರಾಡಿ ಅಷ್ಟನ್ನು ಮಾಡಿಸಿದ್ದಳು, ಯಾರ ಹೆಸರನ್ನೂ ಎತ್ತದೆ. ನಾನು ಪುಸ್ತಕವನ್ನು ಒಯ್ದು ತೋರಿಸಿದಾಗ, ಆಗಲೇ ನಿವೃತ್ತರಾಗಿದ್ದ ಮಾಸ್ತರರು ಕನ್ನಡಕ ಏರಿಸಿ ಎರಡು ಸಲ ಓದಿದರು. ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ. ಅವರು 'ಅಥವಾ' ಎಂಬ ಪದದ ಮೇಲೆ ಬೆರಳಿಟ್ಟು, ಅದಿರುವವರೆಗೂ ಮನೆ ಇನ್ನೂ ಪ್ರಶ್ನೆಯಲ್ಲಿದೆ ಎಂದಷ್ಟೇ ಹೇಳಿದರು.

ಕೇಳಿದ್ದು ಕೈಗೆ ಬಂದ ಮೇಲೆ ಮನುಷ್ಯರು ಸಾಮಾನ್ಯವಾಗಿ ಅದರ ವಕೀಲರಾಗುತ್ತಾರೆ. ಎಷ್ಟು ವರ್ಷ ಕಾದಿದ್ದರೋ ಅಷ್ಟೇ ಕುರುಡಾಗಿ ಅದನ್ನು ಕಾಯುತ್ತಾರೆ, ಅದರಿಂದ ಯಾರಿಗಾದರೂ ಪೆಟ್ಟಾದರೆ ಪೆಟ್ಟು ತಿಂದವರಲ್ಲಿಯೇ ದೋಷ ಹುಡುಕುತ್ತಾರೆ. ತಾವೇ ಬೇಡಿ ತಂದದ್ದನ್ನು ಮೊದಲು ತಮ್ಮ ಮನೆಯ ಮೇಲೆ ಪ್ರಯೋಗಿಸಿ ನೋಡುವವರು ಪ್ರತಿ ಊರಿನಲ್ಲಿ ಒಬ್ಬಿಬ್ಬರು ಇದ್ದಾರು. ಅವರಿಂದ ಚಳವಳಿಗಳು ಹುಟ್ಟುವುದಿಲ್ಲ; ಅವರ ಜೊತೆ ಬಾಳುವುದು ಹೆಂಡತಿಗಾಗಲಿ ಇಲಾಖೆಗಾಗಲಿ ಸುಲಭವಲ್ಲ; ಅವರು ಮೆಚ್ಚಿದರೆಂದು ಯಾವ ಪುಸ್ತಕವೂ ಎಂದೂ ಹೇಳಿಕೊಳ್ಳಲಾರದು. ಆದರೂ ಕಡ್ಡಾಯವೆಂದು ಮೇಲಿನಿಂದ ಇಳಿದುಬಂದ ಒಂದು ಸತ್ಯ, ಕೆಳಗೆ ಕೂತ ಮಗುವಿನ ಬೆನ್ನ ಮೇಲೆ ಹೊರೆಯಾಗದೆ ಅದರ ಕಣ್ಣಿಗೆ ಬೆಳಕಾಗಿ ತಲುಪಿದ್ದರೆ, ನಡುವೆ ಎಲ್ಲಿಯೋ ಇಂಥ ಒಬ್ಬ ಮಾಸ್ತರ ತಾನು ಕೊಟ್ಟ ಅಂಕವನ್ನು ತಾನೇ ಹೊಡೆದುಹಾಕಿರುತ್ತಾನೆ.